ಹುಲಿಗೆಮ್ಮ ಮೇಡಂ ಬಿಟ್ಟುಕೊಡದ ಮೈದಾನ

ಒಂದು ದೇಶದ ಭವಿಷ್ಯ ಅದರ ಮಕ್ಕಳ ಆರೋಗ್ಯದ ಮೇಲೆ ನಿಂತಿದೆ. ಇದು ಎಲ್ಲ ಕಾಲಕ್ಕೂ ಸಲ್ಲುವ ಮಾತು. ನಮ್ಮ ಶಾಲೆಯಲ್ಲಿ ಮಾತ್ರ ಅದು ಎರಡು ಮೊಳೆಗಳ ಮೇಲೆ ನಿಂತಿತ್ತು. ಒಂದು ಮೊಳೆ ಸಡಿಲವಾಗಿದ್ದರಿಂದ ಆ ಮಾತನ್ನು ಹೊತ್ತ ಬ್ಯಾನರು ಗಾಳಿಗೆ ಜೋತುಬಿದ್ದು, ದೇಶದ ಭವಿಷ್ಯವೆಲ್ಲ ನೀರಿನ ತೊಟ್ಟಿಯಲ್ಲಿ ಅದ್ದಿಕೊಂಡಿರುತ್ತಿತ್ತು. ಅದನ್ನು ಎತ್ತಿ ಕಟ್ಟಬೇಕೆಂದು ಯಾರಿಗೂ ಆದೇಶ ಬಂದಿರಲಿಲ್ಲ. ಒಂದು ದಿನ ಹುಲಿಗೆಮ್ಮ ಮೇಡಂ ಅದನ್ನು ಪೂರ್ತಿ ಕಿತ್ತು ತಂದು, ಉದ್ದ ಜಿಗಿತದ ಮರಳಿನ ಗುಂಡಿಗೆ ಹೊದಿಸಿದರು.

"ನಾಯಿ ಬಂದು ಹೊಲಸು ಮಾಡ್ತಿದ್ವು ಸರ್. ಈಗ ನೋಡ್ರಿ, ಮಕ್ಕಳ ಆರೋಗ್ಯಕ್ಕ ಖರೇನ ಉಪಯೋಗ ಆತು" ಎಂದರು.

ಹೊಸಪೇಟೆಯಿಂದ ಹಂಪಿಗೆ ಹೋಗುವ ದಿಕ್ಕಿನಲ್ಲಿ, ಬಾಳೆತೋಟಗಳ ನಡುವೆ ಇದ್ದ ನಮ್ಮ ಪ್ರೌಢಶಾಲೆಗೆ ಅವರು ದೈಹಿಕ ಶಿಕ್ಷಕಿ. ನಾನು ಕನ್ನಡ ಮೇಷ್ಟ್ರು. ಮೇಡಂ ಗಿಡ್ಡ ಆಳು. ಸೀರೆಯ ಸೆರಗು ಸೊಂಟಕ್ಕೆ ಬಿಗಿದಿರುತ್ತಿತ್ತು. ಕಾಲಲ್ಲಿ ಒಂದು ಕಾಲಕ್ಕೆ ಬಿಳಿಯದಾಗಿದ್ದಿರಬಹುದಾದ ಕ್ಯಾನ್ವಾಸ್ ಬೂಟು. ಸೀಟಿ ಮುಟ್ಟುತ್ತಿರಲಿಲ್ಲ. "ಸೀಟಿ ಊದಾಕ ನಾನೇನು ಕಂಡಕ್ಟರ್ ಏನ್ರಿ?" ಎಂಬುದು ಅವರ ಪ್ರಶ್ನೆ. ಬೇಕಾಗಿಯೂ ಇರಲಿಲ್ಲ. ಅವರು ಮೈದಾನದಲ್ಲಿ ನಿಂತು "ಲೇ" ಎಂದರೆ ರಸ್ತೆಯ ಮೇಲಿನ ಆಟೋಗಳು ತಾವಾಗಿ ನಿಧಾನಿಸುತ್ತಿದ್ದವು. ಆಟೋದವರಲ್ಲಿ ಅರ್ಧ ಜನ ಅವರ ಹಳೆಯ ವಿದ್ಯಾರ್ಥಿಗಳು. ಕರೆದದ್ದು ತಮ್ಮನ್ನೇ ಎಂಬ ಭಯ ಅವರಿಗೆ ಹೋಗಿರಲಿಲ್ಲ.

ಪರೀಕ್ಷೆ ಹತ್ತಿರವಾದಾಗ ಆಟದ ಪಿರಿಯಡ್ಡನ್ನು ಉಳಿದ ವಿಷಯದವರು ವಶಪಡಿಸಿಕೊಳ್ಳುವುದು ನಮ್ಮ ಶಾಲೆಗಳ ಅಲಿಖಿತ ಸಂವಿಧಾನ. ಹಾಗೆ ಒಮ್ಮೆ ಗಣಿತದ ಶೇಖರಪ್ಪನವರು ಹತ್ತನೆಯ ತರಗತಿಯ ಆಟದ ಪಿರಿಯಡ್ ತೆಗೆದುಕೊಂಡರು. ಮೇಡಂ ತಕರಾರಿಲ್ಲದೆ ಕೊಟ್ಟರು. ಮರುದಿನ ಶೇಖರಪ್ಪನವರು ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ನಿನ್ನೆ ನನ್ನ ಪಿರಿಯಡ್ ಒಯ್ದಿದ್ರಿ. ಇವತ್ತು ನಿಮ್ದು ಕೊಡ್ರಿ."

"ಮೇಡಂ, ಸಿಲಬಸ್ ಮುಗಿದಿಲ್ಲ."

"ನಂದೂ ಮುಗಿದಿಲ್ರಿ. ನಿಮ್ಮ ತ್ರಿಕೋನ ಎಲ್ಲಿಗೂ ಓಡಿ ಹೋಗಂಗಿಲ್ಲ. ಇವ್ರು ಓಡ್ಬೇಕು."

ಮಕ್ಕಳು ಆಗಲೇ ಎದ್ದು ನಿಂತಿದ್ದರು. ಬೋರ್ಡಿನ ಮೇಲಿನ ತ್ರಿಕೋನಕ್ಕೆ ಆ ದಿನ ಮೂರನೆಯ ಭುಜ ಬರಲಿಲ್ಲ.

ಅವರ ಆಟ ಖೋಖೋ. ಅದರಲ್ಲೂ ಹುಡುಗಿಯರ ಖೋಖೋ. ಊರಿನಲ್ಲಿ ಹುಡುಗರಿಗೆ ಕೆರೆಯಂಗಳ, ಗುಡ್ಡದ ಬುಡ, ಕೊಯ್ದ ಹೊಲ ಎಂದು ಬೇಕಾದಷ್ಟು ಬಯಲಿತ್ತು. ಹುಡುಗಿಯರು ಯಾರ ಮಾತೂ ಕೇಳದೆ ಓಡಬಹುದಾದ ಜಾಗ ಶಾಲೆಯ ಕಾಂಪೌಂಡಿನೊಳಗಿನ ಆ ಕೆಂಪು ಮಣ್ಣಿನ ಮೈದಾನವೊಂದೇ. ಅಲ್ಲೂ ಊರಿನವರ ಮಾತು ತಪ್ಪುತ್ತಿರಲಿಲ್ಲ. ರೇಣುಕಾ ಎಂಬ ಒಂಬತ್ತನೆಯ ತರಗತಿಯ ಹುಡುಗಿ ಹಲ್ಲಿಯ ಹಾಗೆ ಕೈಗೆ ಸಿಗದೆ ನುಸುಳುವವಳು. ಒಂದು ದಿನ ಅವಳ ಅಜ್ಜಿ ಗಾಳೆಮ್ಮ ತೋಟದ ಕೆಲಸ ಬಿಟ್ಟು ನೇರ ಮೈದಾನಕ್ಕೇ ಬಂದಳು.

"ಮೇಡಮ್ಮಾ, ದೊಡ್ಡಾಕಿ ಆದ ಹುಡುಗಿ ಹಿಂಗ ಓಡಿದ್ರ ಊರು ಏನಂತೈತಿ?"

"ನಿಮ್ಮ ಊರು ಓಡೋದು ಬಿಟ್ಟು ಭಾಳ ವರ್ಷ ಆತು ಅಜ್ಜಿ. ಹೊಟ್ಟಿಕಿಚ್ಚಿಗೆ ಅಂತೈತಿ. ಕುಂದ್ರು, ನೋಡು."

ಗಾಳೆಮ್ಮ ಬೈಯಲು ಬಂದವಳು ಕುಳಿತು ನೋಡಿದಳು. ಆಮೇಲೆ ಆಗಾಗ, ಬೈಯುವ ನೆಪದಲ್ಲಿ, ಬರತೊಡಗಿದಳು.

ಹೀಗಿರುವಾಗ ಅಭಿಯಾನ ಬಂತು. ಮಕ್ಕಳು ಮೊಬೈಲು ಬಿಟ್ಟು ಮೈ ಬಗ್ಗಿಸಬೇಕು, ಓಡಬೇಕು, ಆಡಬೇಕು ಎಂಬುದು ಅದರ ಘನವಾದ ಉದ್ದೇಶ. ದೈಹಿಕ ಚಟುವಟಿಕೆಯ ಮಹತ್ವವನ್ನು ಕುರಿತು ಮಕ್ಕಳು ಕುಳಿತು ಪ್ರಬಂಧ ಬರೆದರು, ಕುಳಿತು ಚಿತ್ರ ಬಿಡಿಸಿದರು, ಕುಳಿತು ಉಪನ್ಯಾಸ ಕೇಳಿದರು. ಪ್ರತಿಜ್ಞೆಗೆ ಮಾತ್ರ ಎದ್ದು ನಿಂತರು. ಮೈದಾನದಲ್ಲಿ ಶಾಮಿಯಾನ ಹಾಕಿದ್ದರಿಂದ ಆಟ ಬಂದ್ ಆಗಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಮೇಡಂ ತಡೆದುಕೊಳ್ಳುತ್ತಿದ್ದರೇನೋ. ಸಮಾರೋಪಕ್ಕೆ ಎರಡು ದಿನ ಮೊದಲು ಹೆಡ್‌ಮಾಸ್ತರ್ ಬಸವರಾಜಪ್ಪನವರು ನಮ್ಮನ್ನೆಲ್ಲ ಕರೆದು ಶುಭ ಸಮಾಚಾರ ತಿಳಿಸಿದರು: ಅಭಿಯಾನದ ನೆನಪಿಗಾಗಿ ಮೈದಾನಕ್ಕೆ ಪೂರ್ತಿ ಸಿಮೆಂಟಿನ ಇಟ್ಟಿಗೆ ಹಾಸಿ, ನಡುವೆ ವ್ಯಾಯಾಮದ ಕಬ್ಬಿಣದ ಯಂತ್ರಗಳನ್ನು ನಿಲ್ಲಿಸಿ, 'ಆರೋಗ್ಯ ಅಂಗಳ' ಮಾಡಲಾಗುವುದು. ಯಂತ್ರಗಳು ದೊಡ್ಡವರ ಅಳತೆಯವು. ಮಕ್ಕಳು ಬೆಳೆದ ಮೇಲೆ ಉಪಯೋಗಿಸಬಹುದು.

"ಸರ್, ಸಿಮೆಂಟಿನ ಮ್ಯಾಲ ಖೋಖೋ ಆಡಿದ್ರ ಮಣಕಾಲು ಉಳಿತಾವೇನ್ರಿ? ಕಂಬ ಎಲ್ಲಿ ಹುಗಿಯೋದು?"

"ಮ್ಯಾಲಿಂದ ಬಂದೈತಿ ಮೇಡಂ. ನಾವೇನು ಮಾಡಾಕ ಆಗಂಗಿಲ್ಲ."

"ಮಳಿನೂ ಮ್ಯಾಲಿಂದನ ಬರ್ತೈತ್ರಿ ಸರ್. ನೀವು ಛತ್ರಿ ಹಿಡಿಯಂಗಿಲ್ಲೇನು?"

ಹೆಡ್‌ಮಾಸ್ತರರು ಒಳ್ಳೆಯ ಮನುಷ್ಯ. ನಿವೃತ್ತಿ ಹತ್ತಿರವಿದ್ದ ಒಳ್ಳೆಯ ಮನುಷ್ಯ. ಅವರು ವಿಷಯ ಬದಲಿಸಿ, ಸಮಾರಂಭದಲ್ಲಿ ಮಕ್ಕಳನ್ನು ಶಿಸ್ತಾಗಿ ಕೂಡಿಸುವ ಹೊಣೆಯನ್ನು ಮೇಡಂ ಅವರಿಗೇ ಕೊಟ್ಟರು. ಅವರ ಸೇವಾವಧಿಯಲ್ಲಿ ಅದಕ್ಕಿಂತ ದುಬಾರಿಯಾದ ನಿರ್ಧಾರ ಇನ್ನೊಂದಿಲ್ಲ.

ಸಮಾರೋಪದ ದಿನ ಮುಖ್ಯ ಅತಿಥಿಗಳು ಬಿಳಿ ಜುಬ್ಬಾದಲ್ಲಿ ವೇದಿಕೆ ಏರಿದಾಗ ಎದುರಿಗೆ ಮಕ್ಕಳು ಅಚ್ಚುಕಟ್ಟಾಗಿ ಸಾಲಾಗಿ ಕುಳಿತಿದ್ದರು. ಆದರೆ ಸಾಲಿನಲ್ಲಿ ಒಬ್ಬರು ವೇದಿಕೆಯ ಕಡೆ ಮುಖ ಮಾಡಿದ್ದರೆ ಪಕ್ಕದವರು ಬೆನ್ನು ಮಾಡಿದ್ದರು. ಅತಿಥಿಗಳಿಗೆ ಅರ್ಧ ಮುಖ, ಅರ್ಧ ಬೆನ್ನು ಕಾಣುತ್ತಿತ್ತು. ಅಭಿಯಾನದ ಸಂಯೋಜಕರು ಬೆವರುತ್ತ ಕೆಳಗಿಳಿದು ಬಂದರು.

"ಏನ್ರಿ ಮೇಡಂ ಇದು? ಅರ್ಧ ಹುಡುಗ್ರು ಬೆನ್ನು ತೋರಿಸ್ಯಾರ."

"ಖೋಖೋದಾಗ ಹಿಂಗ ಕುಂದ್ರಾದು ಸರ್. ಒಬ್ರು ಆ ಕಡಿ, ಒಬ್ರು ಈ ಕಡಿ. ಆಟದ ಅಭಿಯಾನ ಅಂದ್ರಿ, ನಾನು ಆಟದಂಗ ಕುಂದ್ರಿಸೀನಿ."

ಅಷ್ಟರಲ್ಲಿ ಭಾಷಣ ಶುರುವಾಗಿತ್ತು, ಏನೂ ಮಾಡುವಂತಿರಲಿಲ್ಲ. ಅತಿಥಿಗಳು ಅರ್ಧ ಮುಖಗಳನ್ನೂ ಅರ್ಧ ಬೆನ್ನುಗಳನ್ನೂ ಉದ್ದೇಶಿಸಿ ಬಹಳ ಹೊತ್ತು ಮಾತನಾಡಿದರು. ಕೊನೆಗೆ ಆವೇಶ ಬಂದು, ಕೈ ಎತ್ತಿ, "ಮಕ್ಕಳೇ, ಕುಳಿತದ್ದು ಸಾಕು. ಏಳಿ, ಓಡಿ, ಆಡಿ" ಎಂದು ಕರೆಯಿತ್ತರು.

ಹುಲಿಗೆಮ್ಮ ಮೇಡಂ ಸಾಲಿನ ತುದಿಯಲ್ಲಿ ನಿಂತಿದ್ದರು. "ಸಾಹೇಬ್ರು ಹೇಳಿದ್ದು ಕೇಳ್ತಲ್ಲ?" ಎಂದು, ಮೊದಲ ಹುಡುಗಿಯ ಬೆನ್ನು ತಟ್ಟಿ, "ಖೋ" ಎಂದರು.

ಅವಳು ಎದ್ದಳು. ರೇಣುಕಾ ಮುಂದೆ ಓಡಿದಳು. ಒಂದರ ಹಿಂದೆ ಒಂದು ಖೋ ಬಿತ್ತು. ಬೆನ್ನುಗಳೆಲ್ಲ ಎದ್ದು ಓಡತೊಡಗಿದವು. ಕೆಂಪು ದೂಳು ಶಾಮಿಯಾನದೊಳಗೆ ತುಂಬಿ, ಅತಿಥಿಗಳ ಜುಬ್ಬಾ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅನಾವರಣಕ್ಕೆಂದು ಬಟ್ಟೆ ಹೊದ್ದು ನಿಂತಿದ್ದ 'ಆರೋಗ್ಯ ಅಂಗಳ'ದ ಅಡಿಗಲ್ಲನ್ನೇ ಕಂಬ ಮಾಡಿಕೊಂಡು ರೇಣುಕಾ ಅದರ ಸುತ್ತ ತಿರುಗಿದಳು. ಊರವರಿಗೆಂದು ಹಾಕಿದ್ದ ಹಿಂದಿನ ಕುರ್ಚಿಗಳಿಂದ ಒಂದು ಮುದಿ ದನಿ ಎಲ್ಲರಿಗೂ ಕೇಳುವಂತೆ ಬಂತು.

"ಬಗ್ಗಿ ತಿರುಗಲೇ ರೇಣುಕಾ. ಎಡಕ್ಕ, ಎಡಕ್ಕ."

ಗಾಳೆಮ್ಮ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಅವಳ ಪಕ್ಕದ ಹೆಂಗಸರೂ ನಿಂತಿದ್ದರು.

ವಂದನಾರ್ಪಣೆ ನಡೆಯಲಿಲ್ಲ. ಮೇಡಂ ಅವರಿಗೆ ನೋಟಿಸು ಬಂತು. ಗಣ್ಯರ ಮಾತನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದೇಕೆ ಎಂದು ಅದರಲ್ಲಿ ಕೇಳಿತ್ತು. "ಅವ್ರು ಹೇಳಿದ್ದನ್ನ ಖರೇ ಅಂತ ತಿಳಿದೆ" ಎಂದು ಉತ್ತರ ಬರೆದರು. ನಾನು ಕಾಗುಣಿತ ನೋಡಿ ಕೊಟ್ಟೆ, ತಿದ್ದುವಂಥದ್ದೇನೂ ಇರಲಿಲ್ಲ.

ಮುಂದಿನ ವಾರ ಸಿಮೆಂಟ್ ಇಟ್ಟಿಗೆಯ ಲಾರಿ ಗೇಟಿಗೆ ಬಂತು. ಮೈದಾನದ ತುಂಬ ಹುಡುಗಿಯರು ಕುಳಿತಿದ್ದರು, ಒಬ್ಬಳು ಆ ಕಡೆ, ಒಬ್ಬಳು ಈ ಕಡೆ. ಡ್ರೈವರು ಹಾರ್ನ್ ಹೊಡೆದ.

"ಆಟ ಮುಗೀಲಿ ಅಣ್ಣ, ಆಮ್ಯಾಲ ಇಳಸು" ಎಂದರು ಮೇಡಂ.

"ಯಾವಾಗ ಮುಗೀತೈತ್ರಿ?"

"ಹುಡುಗ್ಯಾರು ದಣಿದಾಗ."

ಆ ದಿನ ಅವರು ದಣಿಯಲಿಲ್ಲ. ಮರುದಿನವೂ ದಣಿಯಲಿಲ್ಲ. ಮೂರನೆಯ ದಿನ ಗಾಳೆಮ್ಮನೂ ತೋಟದ ಹೆಂಗಸರೂ ಬುತ್ತಿ ಕಟ್ಟಿಕೊಂಡು ಬಂದು ಗೇಟಿನ ಒಳಗೆ ಅಡ್ಡ ಕುಳಿತರು. ಗುತ್ತಿಗೆದಾರನಿಗೆ ಬೇಕಾದದ್ದು ಮೈದಾನವಲ್ಲ, ಕೆಲಸ ಮುಗಿದ ಫೋಟೊ. ಅವನು ಇಟ್ಟಿಗೆಯನ್ನೆಲ್ಲ ಹೆಡ್‌ಮಾಸ್ತರರ ಕೋಣೆಯ ಸುತ್ತ ಹಾಸಿ, ಕಿಟಕಿಯ ಕೆಳಗೆ ಯಂತ್ರ ನಿಲ್ಲಿಸಿ, ಫೋಟೊ ಹೊಡೆದು ಕಳಿಸಿದ. ಬಸವರಾಜಪ್ಪನವರು ಯಾರೂ ಇಲ್ಲದ ವೇಳೆ ಅದರ ಮೇಲೆ ಸೊಂಟ ತಿರುಗಿಸುತ್ತಾರೆ ಎಂದು ಮಕ್ಕಳು ಹೇಳುತ್ತಿದ್ದರು. ಒಟ್ಟಿನಲ್ಲಿ ಅಭಿಯಾನದಿಂದ ಒಬ್ಬರ ಆರೋಗ್ಯವಂತೂ ಸುಧಾರಿಸಿತು.

ಮೇಡಂ ಅವರಿಗೆ ಕಂಪ್ಲಿ ಕಡೆಯ ಹಳ್ಳಿಯೊಂದಕ್ಕೆ ವರ್ಗವಾಯಿತು. ಕಾರಣ 'ಆಡಳಿತಾತ್ಮಕ' ಎಂದಿತ್ತು. ಹೊಸಪೇಟೆ ಬಸ್ ನಿಲ್ದಾಣದಲ್ಲಿ ಅವರನ್ನು ಕಳಿಸಲು ಹೋಗಿದ್ದೆ. ಒಂದು ಬ್ಯಾಗು, ಬಲೆಯ ಚೀಲದಲ್ಲಿ ಎರಡು ವಾಲಿಬಾಲು.

"ಅಲ್ಲಿ ಶಾಲೆಗೆ ಮೈದಾನ ಇದೆಯೇನು ಮೇಡಂ?"

"ಇಲ್ಲಂತರಿ ಸರ್. ಸುತ್ತ ಭತ್ತದ ಗದ್ದಿ ಅಂತ."

"ಮತ್ತೆ?"

"ಕೊಯ್ಲು ಆದ ಮ್ಯಾಲ ಗದ್ದಿ ಖಾಲಿ ಇರ್ತೈತಲ್ರಿ. ಹೋಗಿ ಮಾಲಕ್ರನ್ನ ನೋಡ್ತೀನಿ. ಅವ್ರಿಗೂ ಹೆಣ್ಮಕ್ಳು ಇರ್ತಾರ."

ಬಸ್ಸು ಬಂತು. ಕಿಟಕಿಯ ಪಕ್ಕದ ಸೀಟಿನಲ್ಲಿ ಟವೆಲ್ಲು ಹಾಕಿ ಜಾಗ ಹಿಡಿದಿದ್ದವನೊಬ್ಬನಿಗೆ ಅವರು "ಲೇ" ಎಂದದ್ದು ಹೊರಗೆ ನಿಂತ ನನಗೂ ಕೇಳಿಸಿತು.

ನಮ್ಮ ಶಾಲೆಯ ಮೈದಾನ ಈಗಲೂ ಮಣ್ಣಿನದೇ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದೆ.