ಒಣಗುಂಡಿಯಲ್ಲಿ ಒದ್ದೆ ಪಾದಗಳು

ಟ್ರಾನ್ಸಿಲ್ವೇನಿಯದ ಸ್ನಾನಚಿಕಿತ್ಸೆಯ ಕ್ಷೇತ್ರದಲ್ಲಿ, ಚರ್ಮದ ರಕ್ತಸಂಚಾರವನ್ನು ನಂಬಿಕೆಯಿಂದಲ್ಲ, ಅಳತೆಯಿಂದಲೇ ಅರಿಯಬೇಕೆಂದು ಪಟ್ಟು ಹಿಡಿದವರಲ್ಲಿ ಡಾ. ಬಾರ್ತಾಲಿಶ್ ಎಮೋಕೆ ಅವರದು ಮೊದಲ ಸಾಲಿನ ಹೆಸರು. ಬ್ಯೂದೋಶ್‌ಕೂತ್ ಪಟ್ಟಣದ ಚಿಕಿತ್ಸಾಲಯಕ್ಕೆ ತರುಣ ಚರ್ಮವೈದ್ಯೆಯಾಗಿ ಬಂದ ಅವರು ಈ ಶರತ್ಕಾಲದಲ್ಲಿ ಅಲ್ಲಿಂದಲೇ ನಿವೃತ್ತರಾಗುತ್ತಿದ್ದಾರೆ.

ಅವರು ಬಂದಾಗ ಊರು ಎರಡು ಪಂಗಡವಾಗಿತ್ತು. ಮೇಲಿನ ಸ್ನಾನಗೃಹದಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿದ ಉಗುರುಬೆಚ್ಚನೆಯ ಬುಗ್ಗೆನೀರಿನ ತೊಟ್ಟಿಗಳು. ಕೆಳಗೆ, ಅದೇ ಅನಿಲ ನೆಲದಿಂದ ತಾನಾಗಿ ಹೊಮ್ಮಿ ಸೊಂಟದ ಮಟ್ಟಕ್ಕೆ ನಿಲ್ಲುವ ಒಣಗುಂಡಿ. ರೋಗಿಗಳು ಮರದ ಮೆಟ್ಟಿಲಿಳಿದು, ತಲೆ ಅನಿಲಕ್ಕಿಳಿದರೆ ಉಸಿರುಗಟ್ಟುವುದರಿಂದ ಬಗ್ಗದೆ, ಸುಮ್ಮನೆ ಅದರಲ್ಲಿ ನಿಲ್ಲುತ್ತಿದ್ದರು. ಎರಡೂ ಕಡೆ ಚರ್ಮದ ಸಣ್ಣ ರಕ್ತನಾಳಗಳು ಹಿಗ್ಗಿ ಕಾಲು ಕೆಂಪೇರುವುದು ನಿಜ. ಯಾವುದು ಮೇಲು ಎಂಬುದೇ ಜಗಳ. ಕೆಲವೇ ವರ್ಷಗಳ ಹಿಂದೆ ಗುಂಡಿಯನ್ನು ಮುಚ್ಚಬೇಕೆಂಬ ಮಾತು ಬಂದಾಗ, ಎರಡನ್ನೂ ಹೋಲಿಸಿ ವರದಿ ಕೊಡುವಂತೆ ಆರೋಗ್ಯ ಸಮಿತಿ ಎಮೋಕೆಯವರನ್ನೇ ಕೇಳಿತು.

ಆ ವರದಿಯ ಮೇಲೆ ಕೆಲೆಮೆನ್ ಅಜ್ಜನ ಕಾಲು ನಿಂತಿತ್ತು. ಕಾಡಿನಿಂದ ದಿಮ್ಮಿ ಸಾಗಿಸುತ್ತಿದ್ದ ಈ ಗಾಡಿಯವರಿಗೆ ಸಕ್ಕರೆ ಕಾಯಿಲೆಯಿಂದ ಹಿಮ್ಮಡಿಯಲ್ಲಿ ಹುಣ್ಣಾಗಿತ್ತು. ಬಾಯಿಬಿಟ್ಟ ಹುಣ್ಣಿಗೆ ತೊಟ್ಟಿಯಲ್ಲಿ ಪ್ರವೇಶವಿಲ್ಲ. ಶಸ್ತ್ರವೈದ್ಯರು ಕಾಲು ಕತ್ತರಿಸುವ ಮಾತಾಡಿದ್ದರು. ಉಳಿದದ್ದು ಗುಂಡಿಯೊಂದೇ.

ಮೊದಲ ಸುತ್ತಿನ ಅಳತೆ ಗುಂಡಿಯ ಪರವಾಗಿಯೇ ಬಂತು: ನೀರಿಗೂ ಒಣ ಅನಿಲಕ್ಕೂ ಹೇಳಿಕೊಳ್ಳುವ ಅಂತರವಿರಲಿಲ್ಲ. ವರದಿ ಕಳಿಸುವ ಹೊತ್ತಿಗೆ, ಷರಾಯಿ ಮಡಚಿಕೊಂಡು ಮೆಟ್ಟಿಲು ಹತ್ತಿ ಬಂದ ಅಜ್ಜನ ಕಾಲುಗಳನ್ನು ಕಂಡು ಎಮೋಕೆ ತಡೆದು ನಿಂತರು. ಅನಿಲವಿದ್ದದ್ದು ಸೊಂಟದವರೆಗೆ, ಒಳ್ಳೆಯ ಕಾಲಿನ ಕೆಂಪು ಕಣಕಾಲಿಗೇ ಗೆರೆ ಎಳೆದಂತೆ ನಿಂತಿತ್ತು. ಹುಣ್ಣಿನ ಕಾಲಂತೂ ಬಿಳುಚಿಕೊಂಡೇ ಇತ್ತು.

“ಅಜ್ಜ, ಈ ಕಾಲಿಗೇನು ಮಾಡಿದ್ರಿ?”

“ತೊಳ್ಕೊಂಡೆ ಡಾಕ್ಟ್ರಮ್ಮ. ಭೂಮಿ ಉಸಿರಾಡೋ ಜಾಗ, ಕೊಳೆ ಕಾಲಲ್ಲಿ ಇಳೀತಾರಾ? ಎಲ್ರೂ ಬುಗ್ಗೇಲಿ ತೊಳ್ಕೊಂಡೇ ಇಳಿಯೋದು. ಹುಣ್ಣಿನ ಕಾಲು ನೆನೆಸ್ಬೇಡ ಅಂತ ನೀವೇ ಬೈದಿದ್ರಲ್ಲ, ಅದನ್ನ ಬಿಟ್ಟೆ.”

“ಒರೆಸ್ಕೊಳಲ್ವಾ?”

“ನಮ್ಮವ್ವ ಹೋದ್ಮೇಲೆ ನನ್ ಕಾಲು ಒರೆಸೋರು ಯಾರಿದಾರೆ?”

ಮರುದಿನ ಎಮೋಕೆ ತಮ್ಮ ಒಂದು ಪಾದವನ್ನು ತೊಳೆದು, ಇನ್ನೊಂದನ್ನು ಚೆನ್ನಾಗಿ ಒರೆಸಿ ಗುಂಡಿಗಿಳಿದರು. ಒದ್ದೆಯದು ಕೆಂಪೇರಿತು, ಒಣದು ಅಷ್ಟಕ್ಕಷ್ಟೆ. ಒಣ ಚಿಕಿತ್ಸೆಯೆಂದು ತಾವು ಅಳೆದದ್ದು ಒಣ ಚಿಕಿತ್ಸೆಯೇ ಆಗಿರಲಿಲ್ಲ.

ಗುಂಡಿ ನೋಡಿಕೊಳ್ಳುತ್ತಿದ್ದ ಪಿರೋಶ್ಕ ಸಿಡಿದರು: “ಬಾಯ್ಮುಚ್ಕೊಂಡಿದ್ರೆ ಗುಂಡಿ ಉಳಿಯುತ್ತೆ. ನಿಮ್ ಸತ್ಯಕ್ಕೆ ಅಜ್ಜ ಕಾಲು ಕೊಡ್ಬೇಕಾ?”

“ಒಣ ಕಾಲನ್ನೇ ಇಳಿಸ್ತಾ ಇದ್ರೆ ಗುಂಡಿ ಉಳಿದ್ರೂ ಅವರ ಕಾಲು ಉಳಿಯಲ್ಲ, ಪಿರೋಶ್ಕ. ತಪ್ಪು ಎಲ್ಲಿ ಅಂತ ಸಿಕ್ಕಿದೆಯಲ್ಲ, ಇನ್ನು ಕೆಲಸ ಮಾಡೋಣ.”

ವರದಿಯನ್ನು ತಡೆಹಿಡಿದು, ಸಮಿತಿಗೆ ಕಾರಣವನ್ನೂ ತಿಳಿಸಿ, ಅವರು ಮತ್ತೆ ಮೊದಲಿನಿಂದ ಅಳೆದರು. ಒರೆಸಿದ ಚರ್ಮ ನೀರಿಗಿಂತ ಬಹಳ ಹಿಂದುಳಿಯಿತು. ತೇವದ ಚರ್ಮ ನೀರಿನ ಫಲಿತಾಂಶದ ಹತ್ತಿರ ಬಂತು. ಅಜ್ಜನ ಹುಣ್ಣನ್ನು ಮುಚ್ಚಿ, ಸುತ್ತಲಿನ ಚರ್ಮಕ್ಕೆ ಶುದ್ಧವಾದ ತೇವದ ಬಟ್ಟೆ ಸುತ್ತಿ, ದಿನವೂ ತಾವೇ ಕೈಹಿಡಿದು ಕೆಳಗಿಳಿಸಿದರು. ಚಳಿಗಾಲ ಕಳೆಯುವಷ್ಟರಲ್ಲಿ ಹುಣ್ಣು ಕೂಡಿಕೊಂಡಿತು. ತೊಟ್ಟಿಗೆ ಇಳಿಯಬಲ್ಲವರಿಗೆ ನೀರೇ ಮೇಲು, ಹುಣ್ಣಿರುವವರಿಗೂ ನೀರಿನ ಒತ್ತಡ ತಾಳದ ದುರ್ಬಲ ಹೃದಯದವರಿಗೂ ಗುಂಡಿ ಬೇಕೇ ಬೇಕು ಎಂದು ಅವರ ವರದಿ ಯಾವ ಪಂಗಡಕ್ಕೂ ಮಣಿಯದೆ ಹೇಳಿತು. ಗುಂಡಿ ಉಳಿಯಿತು, ತೇವದ ಬಟ್ಟೆ ಅಲ್ಲಿನ ನಿಯಮವಾಯಿತು.

ಮುಖದ ಚರ್ಮ, ಹಳೆಯ ಗಾಯದ ಕಲೆ ಇವುಗಳ ಹೋಲಿಕೆ ಇನ್ನೂ ಮುಗಿದಿಲ್ಲ. ಅದನ್ನು ಮುಗಿಸುವಷ್ಟು ದೀರ್ಘವಾದ ಆಯುಸ್ಸೂ, ಈಗಿನಷ್ಟೇ ಹಟಮಾರಿಯಾದ ಆರೋಗ್ಯವೂ ಅವರಿಗಿರಲಿ. ಅಭಿನಂದನೆಯ ದಿನ ಕಾರು ಕಳಿಸುತ್ತೇವೆಂದದ್ದಕ್ಕೆ ಕೆಲೆಮೆನ್ ಅಜ್ಜ ರೇಗಿದ್ದಾರೆ. ಅವರು ಗುಡ್ಡ ಹತ್ತಿ ನಡೆದೇ ಬರುತ್ತಾರಂತೆ.