ಎಡೆಗಿಟ್ಟ ಸಿನಿಮಾ

ಕರೆಂಟು ಹೋಗಬಹುದಿತ್ತು. ಟಿವಿ ಸಿನಿಮಾದ ಪೆನ್‌ಡ್ರೈವನ್ನು ಓದದೇ ಮುನಿಸಿಕೊಳ್ಳಬಹುದಿತ್ತು. ಎಲೆಯ ಪಕ್ಕದ ದೀಪ ಕಿಟಕಿಯ ಪರದೆಗೆ ತಾಗಿ ಇಡೀ ಮನೆ ಹೊತ್ತಿಕೊಳ್ಳಬಹುದಿತ್ತು. ಒಳಗಿನ ಕಿರುಚಾಟ ಕೇಳಿ ಪಕ್ಕದ ಪಿ.ಜಿ.ಯ ಹುಡುಗಿಯರು ಪೊಲೀಸರಿಗೆ ಫೋನು ಮಾಡಬಹುದಿತ್ತು. ಬೆಕ್ಕು ಕಿಟಕಿಯಿಂದ ನುಗ್ಗಿ ಕೋಳಿಸಾರಿಗೆ ಬಾಯಿ ಹಾಕಬಹುದಿತ್ತು. ಭಾವನ ಅಣ್ಣ ಸಿಟ್ಟಾಗಿ ಊಟ ಬಿಟ್ಟು ಊರಿನ ಬಸ್ಸು ಹತ್ತಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಅಕ್ಕ ಆ ಬಾಗಿಲ ಮುಂದೆಯೇ ಕುಸಿದು ಕೂರಬಹುದಿತ್ತು. ಇಷ್ಟನ್ನೂ ನಾನು ಎಡೆ ಇಡುವ ಹಿಂದಿನ ದಿನವೇ ಕೂತು ಯೋಚಿಸಿ, ಬೆಕ್ಕಿಗೆ ಮಾತ್ರ ಒಂದು ಉಪಾಯ ಕಂಡುಕೊಂಡಿದ್ದೆ. ಕಿಟಕಿ ಹಾಕಿದ್ದೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೆವ್ವ, ಆತ್ಮ, ಸತ್ತವರು ಬಂದುಹೋಗುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಇದನ್ನು ದೊಡ್ಡ ವೈಚಾರಿಕತೆ ಎಂದುಕೊಳ್ಳಬೇಡಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ, ಎದೆಯಲ್ಲಿ ಚುಳುಕೆಂದದ್ದು ಗ್ಯಾಸ್ಟ್ರಿಕ್ಕೋ ಇನ್ನೊಂದೋ ಎಂಬ ಚಿಂತೆಗಳ ನಡುವೆ ದೆವ್ವಗಳಿಗೆ ಕೊಡಲು ನನ್ನಲ್ಲಿ ಪುರಸೊತ್ತಿರಲಿಲ್ಲ, ಅಷ್ಟೆ.

ಆದರೆ ದೆವ್ವದ ಸಿನಿಮಾ ಎಂದರೆ ಪ್ರಾಣ. ಎಲ್ಲ ದೆವ್ವದ ಸಿನಿಮಾಗಳೂ ಅಲ್ಲ. ಬೆನ್ನಹುರಿ ತಣ್ಣಗಾಗುವ ಹೊತ್ತಿಗೇ ಕಿಸಕ್ಕನೆ ನಗು ಬರಿಸುತ್ತವಲ್ಲ, ಅಂಥವು. ಹೆಣ ಹೊತ್ತವರು ದಾರಿ ತಪ್ಪಿದಾಗ ಹೆಣವೇ ಎದ್ದು ಕೂತು 'ಎಡಕ್ಕೆ ತಿರುಗಿ' ಎನ್ನುವಂಥವು. ಈ ರುಚಿ ಹತ್ತಿಸಿದವರು ನನ್ನ ಭಾವ. ಬೋಗಾದಿಯ ಹೊಸ ಬಡಾವಣೆಗಳಲ್ಲಿ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದರು. ಭಾನುವಾರ ಊಟ ಮುಗಿಸಿ ನಾನು ಕೃಷ್ಣಮೂರ್ತಿಪುರಂನಿಂದ ಸ್ಕೂಟರಿನಲ್ಲಿ ಅವರ ಮನೆಗೆ ಹೋದರೆ, ಪರದೆ ಎಳೆದು ಕಾದಿರುತ್ತಿದ್ದರು. 'ಫೇಸ್ ವೈರೂ ಬೇಕು, ನ್ಯೂಟ್ರಲ್ ವೈರೂ ಬೇಕು ಕಣೋ. ಬರೀ ಹೆದರ್ಸಿದ್ರೆ ಶಾಕು. ಬರೀ ನಗ್ಸಿದ್ರೆ ಬಲ್ಬೇ ಹತ್ತಲ್ಲ' ಎಂಬುದು ಅವರ ವಿಮರ್ಶೆ. ಇದಕ್ಕಿಂತ ಚೆನ್ನಾಗಿ ಈ ಸಿನಿಮಾಗಳ ಗುಟ್ಟನ್ನು ಹೇಳಿದವರನ್ನು ನಾನು ಕಂಡಿಲ್ಲ. ನನ್ನಂಥ ಪುಕ್ಕಲನಿಗೆ ಅವು ಔಷಧಿ. ನಾನು ಹೆದರಿ ಸಾಯುವ ಅತಿ ಕೆಟ್ಟ ಸಂಗತಿ ಅಲ್ಲಿ ಇಂಟರ್‌ವಲ್ಲಿಗೆ ಮೊದಲೇ ನಡೆದುಹೋಗಿರುತ್ತದೆ. ಆಮೇಲೂ ಯಾರೋ ಒಬ್ಬರು 'ಕಾಫಿಗೆ ಹಾಲಿದೆಯಾ' ಎಂದು ಕೇಳುತ್ತಾರೆ. ಅದನ್ನು ಬರೆದವರ ಎದೆಗಾರಿಕೆಗೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಅಕ್ಕನಿಗೆ ಮಾತ್ರ ಇವು ಆಗುತ್ತಿರಲಿಲ್ಲ. ಒಂದು ಭಾನುವಾರ ನಾನು ಹೋಗಿರಲಿಲ್ಲ. ಜ್ವರ ಬರಬಹುದೇನೋ ಎಂಬ ಅನುಮಾನವಿತ್ತು. ಭಾವ ಒಬ್ಬರೇ ಕೂತು, ನಾವಿಬ್ಬರೂ ಹಿಂದೆ ನೋಡಿದ್ದ ಒಂದು ಹಳೇಮನೆ ದೆವ್ವದ ಸಿನಿಮಾ ಹಾಕಿಕೊಂಡಿದ್ದಾರೆ. 'ಬಾರೇ, ಇದೊಂದ್ ಸೀನ್ ನೋಡು' ಎಂದು ಎರಡು ಸಲ ಕರೆದಿದ್ದಾರೆ. ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಅಕ್ಕ, 'ದೆವ್ವ ನೋಡಕ್ಕೆ ನಂಗೇನು ಗ್ರಾಚಾರ, ನೀವೇ ನೋಡ್ಕಳಿ' ಎಂದಿದ್ದಾಳೆ. ಮೂರನೇ ಸಲ ಕರೆಯಲಿಲ್ಲ. ಅವಳು ಬಂದು ನೋಡಿದಾಗ ಸಿನಿಮಾ ಓಡುತ್ತಿತ್ತು, ಭಾವ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಟಿವಿ ನಿಲ್ಲಿಸುವಾಗ ಪರದೆಯ ಮೇಲೆ ಒಂದು ಗಂಟೆ ಎಂಟು ನಿಮಿಷ ಎಂದಿತ್ತಂತೆ. ಆ ಲೆಕ್ಕ ಅವಳ ತಲೆಯಿಂದ ಹೋಗಲೇ ಇಲ್ಲ. ಆಮೇಲೆ ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ. 'ಕೋಪ ಮಾಡ್ಕಂಡೇ ಹೋದ್ರೇನೋ?' ನಾನು ಇಲ್ಲ ಎನ್ನುತ್ತಿದ್ದೆ. 'ನಿಂಗೆಂಗೋ ಗೊತ್ತಾಯ್ತದೆ' ಎನ್ನುತ್ತಿದ್ದಳು. ಅವಳು ನಕ್ಕಿದ್ದನ್ನು ಒಂದು ವರ್ಷ ಯಾರೂ ನೋಡಲಿಲ್ಲ.

ವರ್ಷದ ತಿಥಿಯಾದ ಮೇಲೆ ಪಿತೃಪಕ್ಷ ಬಂತು. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಇಡಬೇಕು. ಬಾಳೆಲೆಗೆ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರಬೇಕು. ಅವರು ಉಣ್ಣುವಾಗ ಯಾರೂ ನೋಡಬಾರದು. ಎಡೆಗೆ ಆ ಸಿನಿಮಾ ಹಾಕಬೇಕು, ಉಳಿದದ್ದನ್ನು ಅವರು ನೋಡಿ ಮುಗಿಸಲಿ ಎಂದು ಅಕ್ಕ ಹಟ ಹಿಡಿದಳು. ಊರಿಂದ ಬಂದಿದ್ದ ಭಾವನ ಅಣ್ಣನಿಗೆ, ನಾವೆಲ್ಲ ದೊಡ್ಡಯ್ಯ ಎನ್ನುವ ಹಿರಿಯರಿಗೆ, ಇದು ಸರಿಬರಲಿಲ್ಲ.

'ಎಡೆಗೆ ಸಿನ್ಮಾ ಇಡ್ತಾರೇನವ್ವ ಯಾರಾದ್ರೂ?'

'ಮಾವಯ್ಯಂಗೆ ವರ್ಷ ವರ್ಷ ಬ್ರಾಂದಿ ಇಡ್ತೀರಲ್ಲ, ಇವ್ರಿಗೆ ಇದೇ ಬ್ರಾಂದಿ.'

ದೊಡ್ಡಯ್ಯ ಎದ್ದು ಬಾಳೆಲೆ ತೊಳೆಯಲು ಹೋದರು.

ಇಂಥ ಅನುಭವ ಹೇಳುವವರು ಅಮಾವಾಸ್ಯೆ, ನಡುರಾತ್ರಿ, ಗೂಬೆ ಎಲ್ಲ ತರುತ್ತಾರೆ. ಅಮಾವಾಸ್ಯೆಯೇನೋ ಹೌದು, ಆದರೆ ಸಂಜೆ ಐದೂವರೆ. ಹೊರಗೆ ಒಂದು ಕಾಂಕ್ರೀಟು ಲಾರಿ ಹಿಂದಕ್ಕೆ ಬರುತ್ತಾ ಕುಯ್ಯೋ ಎನ್ನುತ್ತಿತ್ತು. ಎಲೆ, ಹೊಸ ಪಂಚೆ, ಭಾವನ ಫೋಟೋ, ಕನ್ನಡಕ ಎಲ್ಲ ಇಟ್ಟಾಯಿತು. ಅಕ್ಕ ಹೇಳಿದ ನಿಮಿಷಕ್ಕಿಂತ ಸ್ವಲ್ಪ ಹಿಂದಿನಿಂದ ಸಿನಿಮಾ ಹಾಕಿ, ಬಾಗಿಲೆಳೆದುಕೊಂಡು ಬಂದೆ. ಮೂವರೂ ಬಾಗಿಲಾಚೆ ಚಾಪೆಯ ಮೇಲೆ ಕೂತೆವು. ಸಿನಿಮಾ ಮುಗಿಯಲು ಇನ್ನೂ ನಲವತ್ತು ನಿಮಿಷ ಎಂದು ನಾನು ಹೇಳಿದಾಗ ದೊಡ್ಡಯ್ಯ ಹೊಟ್ಟೆ ಸವರಿಕೊಂಡರು.

ಸ್ವಲ್ಪ ಹೊತ್ತಿಗೆ ಭಾವನ ಮೆಚ್ಚಿನ ದೃಶ್ಯ ಬಂತು. ಮನೆಯವರೆಲ್ಲ ಮೂಲೆಯಲ್ಲಿ ನಡುಗುತ್ತಿದ್ದಾರೆ. ಕಾಣದ ಕಾಲೊಂದು ಧಪ್, ಧಪ್ ಎಂದು ಒಳಗೆ ಬರುತ್ತಿದೆ. ನೆಲದ ಮೇಲೆ ಕೆಸರು ಹೆಜ್ಜೆಗಳು ಮೂಡುತ್ತಿವೆ. ಆಗ ಆ ಮನೆಯ ಮುದುಕಿ ಬಟ್ಟೆ ಹಿಡಿದು ಬಂದು, ಈಗತಾನೇ ಒರೆಸಿದ ನೆಲ, ಕಾಲು ತೊಳೆದುಕೊಂಡು ಬಾ ಎಂದು ಗದರುತ್ತಾಳೆ. ಒಂದು ಕ್ಷಣ ನಿಶ್ಶಬ್ದ. ಆಮೇಲೆ ಹಿತ್ತಿಲ ಕಡೆಯಿಂದ ನಲ್ಲಿ ಬಿಟ್ಟ ಸದ್ದು. ಇಷ್ಟೇ. ದೆವ್ವವನ್ನು ತೋರಿಸದೆ ಒಂದು ನಲ್ಲಿಯ ಸದ್ದಿನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದಾನೆ ಆ ಡೈರೆಕ್ಟರ್ ಪುಣ್ಯಾತ್ಮ. ಅಕ್ಕ ಮಂಡಿಗೆ ಗಲ್ಲ ಊರಿ ನಗದೆ ಕೂತಿದ್ದಳು.

ಒಳಗೆ ಸದ್ದು ನಿಂತಿತು. ಸಿನಿಮಾ ಕೆಟ್ಟಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಧಪ್, ಧಪ್. ಅದೇ ಗದರಿಕೆ. ಅದೇ ನಲ್ಲಿ.

ಭಾವನದೊಂದು ಚಾಳಿ ಇತ್ತು. ಒಳ್ಳೆಯ ದೃಶ್ಯ ಬಂದಾಗ ಪಕ್ಕದವರು ಕಾಫಿಗೋ ಫೋನಿಗೋ ಎದ್ದಿದ್ದರೆ, ಅವರು ಬಂದಮೇಲೆ ಹಿಂದಕ್ಕೆ ಓಡಿಸಿ ಮತ್ತೆ ತೋರಿಸುವುದು. ನಗುವ ತನಕ ಬಿಡುತ್ತಿರಲಿಲ್ಲ. ತಮಗೋಸ್ಕರ ಎಂದೂ ಹಿಂದಕ್ಕೆ ಓಡಿಸಿದವರಲ್ಲ. ಇದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೂರನೇ ಸಲ ಹೆಜ್ಜೆ ಸದ್ದು ಬಂತು. ಮುದುಕಿ ಗದರಿದಳು. ನಲ್ಲಿ ಬಿಟ್ಟ ಸದ್ದಾದಾಗ ಅಕ್ಕನ ಗಂಟಲಿಂದ ಕೆಮ್ಮಿನಂಥದ್ದೇನೋ ಹೊರಟಿತು. ಕುಸಿದಳು ಎಂದು ನಾನು ಎದ್ದೇಬಿಟ್ಟೆ. ನಗುತ್ತಿದ್ದಳು. ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯಲಾಗದೆ, ಕಣ್ಣಲ್ಲಿ ನೀರು ಸುರಿಸುತ್ತಾ ನಗುತ್ತಿದ್ದಳು. ಕೊನೆಗೆ ಮುಚ್ಚಿದ ಬಾಗಿಲಿನತ್ತ ತಿರುಗಿ, 'ಸಾಕು ಬುಡ್ರೀ, ಗೊತ್ತಾಯ್ತು' ಎಂದಳು.

ಸಿನಿಮಾ ಮುಂದಕ್ಕೆ ಹೋಯಿತು. ಕೊನೆಯವರೆಗೂ ಎಲ್ಲೂ ನಿಲ್ಲಲಿಲ್ಲ.

ದೊಡ್ಡಯ್ಯ ಪದ್ಧತಿಯಂತೆ ಕೆಮ್ಮಿ ಬಾಗಿಲು ತೆಗೆದರು. ಎಲೆ ಇಟ್ಟಂತೆಯೇ ಇತ್ತು. ದೀಪ ಉರಿಯುತ್ತಿತ್ತು. 'ಅದ್ನೇ ಮೂರ್ ಸಲ ತೋರ್ಸುದ್ನಲ್ಲ, ಸಿನ್ಮಾನೇ ಅಂಗಾ?' ಎಂದು ಕೇಳಿದರು. ನಾನು ಹೂಂ ಎಂದೆ. ಅಕ್ಕ ಆ ದಿನ ಎರಡು ಸಲ ಬಡಿಸಿಕೊಂಡು ಉಂಡಳು. ಕೋಪದ ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಈಗ ಭಾನುವಾರ ನನ್ನ ಜೊತೆ ಕೂತು ನೋಡುತ್ತಾಳೆ, ನಾನು ಹೆದರುವ ಕಡೆಯೇ ನಗುತ್ತಾಳೆ.

ಆ ಪೆನ್‌ಡ್ರೈವನ್ನು ಅದೇ ಟಿವಿಗೆ ಹಾಕಿ ಆಮೇಲೆ ನಾಲ್ಕು ಸಲ ನೋಡಿದ್ದೇನೆ. ಆ ದೃಶ್ಯ ಒಂದೇ ಸಲ ಬರುತ್ತದೆ. ರಿಪೇರಿಯವನನ್ನು ಕೇಳಿದರೆ, ಫೈಲು ಸಿಕ್ಕಿಕೊಂಡಿರಬಹುದು ಸಾರ್ ಎಂದ. ಅಕ್ಕ ಸಾಕು ಎಂದ ತಕ್ಷಣ ಬಿಡಿಸಿಕೊಂಡಿತೇ ಎಂದು ಅವನನ್ನು ಕೇಳುವ ಧೈರ್ಯ ಬರಲಿಲ್ಲ.

ನಾನು ಹೆದರಿದ್ದರಲ್ಲಿ ಒಂದೂ ನಡೆಯಲಿಲ್ಲ. ತಪ್ಪಿದ್ದು ಒಂದೇ, ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಅಂದು ಮನೆಗೆ ಬಂದು ಅಂಗಿ ಕಳಚುವಾಗ ಗೊತ್ತಾಯಿತು. ಭಾವನ ಕನ್ನಡಕದ ಪಕ್ಕ ಇಟ್ಟು ಬರಬೇಕಾಗಿದ್ದ ಟಿವಿ ರಿಮೋಟು ನನ್ನ ಜೇಬಿನಲ್ಲೇ ಉಳಿದಿತ್ತು. ಜೇಬಿನಲ್ಲೇ ಗುಂಡಿ ಒತ್ತಿಕೊಂಡಿತ್ತೇನೋ ಎಂದು ಮಾರನೆಯ ದಿನ ಏನೋ ನೆಪ ಹೇಳಿ ಹೋಗಿ, ಅದೇ ಸಿನಿಮಾ ಹಾಕಿ, ಬಾಗಿಲೆಳೆದುಕೊಂಡು, ಹೊರಗೆ ನಿಂತು ಅದರ ಎಲ್ಲ ಗುಂಡಿಗಳನ್ನೂ ಒತ್ತಿದೆ. ಟಿವಿ ಜಪ್ಪಯ್ಯ ಎನ್ನಲಿಲ್ಲ. ಅಕ್ಕನಿಗೆ ಇದನ್ನು ಇನ್ನೂ ಹೇಳಿಲ್ಲ.