ಒಗೆಯುವ ಕಲ್ಲಿನ ಮೇಲಿಟ್ಟ ಕೋಳಿ

ಅಪ್ಪನ ಹೊಟ್ಟೆಯ ಆಪರೇಷನ್ ಆದಮೇಲೆ ಒಂದು ತಿಂಗಳ ಮಟ್ಟಿಗೆ ಅವರನ್ನು ಹಿನಕಲ್‌ನಿಂದ ಶ್ರೀರಾಂಪುರದ ನಮ್ಮ ಮನೆಗೆ ಕರೆತಂದಿದ್ದೆ. ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ನೋಡಿಕೊಳ್ಳಲು ಇದ್ದವಳು ನಾನೊಬ್ಬಳೇ. ಮೈಯಲ್ಲಿ ಶಕ್ತಿ ಬರಬೇಕು, ಕೋಳಿ ಸಾರು ಕೊಡಿ ಎಂದರು ಡಾಕ್ಟರು. ನಾನು ಹುಟ್ಟಿದ್ದು ಒಕ್ಕಲು ಮನೆಯಲ್ಲಿ, ಸೇರಿದ್ದು ಮಠಕ್ಕೆ ನಡೆದುಕೊಳ್ಳುವ ಲಿಂಗಾಯತರ ಮನೆಗೆ. ಪ್ರೀತಿಸಿ ಮದುವೆಯಾದ ತಪ್ಪಿಗೆ ಹನ್ನೆರಡು ವರ್ಷ ನಾಲಿಗೆ ಕಟ್ಟಿಕೊಂಡು ಬದುಕಿದವಳು, ಅಪ್ಪನಿಗಾಗಿ ಮೊದಲ ಸಲ ಬಾಯಿಬಿಟ್ಟು ಕೇಳಿದೆ.

ಅತ್ತೆ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಷರತ್ತು ಹಾಕಿದರು. ಬೇರೆ ಪಾತ್ರೆ, ಹಿತ್ತಲಿನಲ್ಲಿ ಬೇರೆ ಒಲೆ. ಫ್ರಿಡ್ಜಿನಲ್ಲಿ ಎಲ್ಲಕ್ಕಿಂತ ಕೆಳಗೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ. ಅದಕ್ಕೆ ನನ್ನ ತಕರಾರಿರಲಿಲ್ಲ. ಹಸಿ ಕೋಳಿಯ ನೀರು ಬೇರೆ ಪದಾರ್ಥದ ಮೇಲೆ ತೊಟ್ಟಿಕ್ಕಬಾರದು, ಕೆಳಗಿಡುವುದೇ ಸರಿ. ಅವರು ಮೈಲಿಗೆಗೆ ಹೇಳಿದರು, ನಾನು ಆರೋಗ್ಯಕ್ಕೆ ಒಪ್ಪಿದೆ. ಮೇಲಿನ ಫ್ರೀಜರ್ ಮಾತ್ರ ಕೂಡದು, ಅದು ದೇವರ ಹಾಲಿನ ನೆತ್ತಿಯ ಮೇಲಾಗುತ್ತದಂತೆ. ಇನ್ನೊಂದು, ಸೋಮವಾರ ಪೂಜೆ ಮುಗಿಯುವವರೆಗೆ ಆ ಡಬ್ಬಿ ಮನೆಯೊಳಗೆ ಇರಬಾರದು.

"ಒಂದರ್ಧ ಗಂಟೆ ಆಚೆ ಇಡು ಕಣಮ್ಮ, ಆಮೇಲೆ ಮತ್ತೆ ಒಳಗಿಟ್ಟುಕೊಂಡರಾಯ್ತು," ಎಂದರು. ನನ್ನ ಗಂಡ ಪೇಪರಿನಿಂದ ತಲೆಯೆತ್ತಲಿಲ್ಲ.

ನನ್ನ ತವರಿನಲ್ಲೂ ಸೋಮವಾರ ಮಾಂಸ ಮುಟ್ಟುತ್ತಿರಲಿಲ್ಲ. ಆದರೆ ಅಮ್ಮ ಕೊಯ್ದ ದಿನವೇ ಬೇಯಿಸಿ, ಅಂದೇ ಪಾತ್ರೆ ತೊಳೆದು ಕವುಚಿ ಹಾಕುತ್ತಿದ್ದಳು. ಭಾನುವಾರ ತಂದು, ಅರ್ಧ ಮಾಡಿ, ಅರ್ಧವನ್ನು ಮಂಗಳವಾರಕ್ಕೆಂದು ಫ್ರಿಡ್ಜಿಗೆ ತಳ್ಳುವ ಜಾಣತನ ನನ್ನದು.

ಆ ಸೋಮವಾರ ಬೆಳಗ್ಗೆ ಆರಕ್ಕೇ ಡಬ್ಬಿಯನ್ನು ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟೆ. ಪೂಜೆ ಮಾಡಿಸಲು ಏಳಕ್ಕೆ ಬರಬೇಕಿದ್ದ ಅಯ್ನೋರು ಇನ್ನೆಲ್ಲೋ ಗೃಹಪ್ರವೇಶ ಮುಗಿಸಿ ಬಂದದ್ದು ಹನ್ನೊಂದಕ್ಕೆ. ಪಾದಪೂಜೆ, ಪ್ರಸಾದ ಎಲ್ಲ ಮುಗಿಯುವಾಗ ಒಂದೂವರೆ. ಅಷ್ಟು ಹೊತ್ತೂ ಅಪ್ಪ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ಟವೆಲ್ ಬೀಸಿ ಬೆಕ್ಕು ಓಡಿಸುತ್ತ ಕೂತಿದ್ದರು. ಬಿಸಿಲು ಬಂದಾಗ ಡಬ್ಬಿಯನ್ನು ನೆರಳಿಗೆ ಸರಿಸಿದವರೂ ಅವರೇ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ಹೋಳಿಗೆ ತಟ್ಟುತ್ತಿದ್ದೆ. ಅದನ್ನು ಬಿಸಾಡಬೇಕೆಂದು ಗೊತ್ತಿತ್ತು. ಬಿಸಾಡಿದರೆ, ಮನೆಯೆಲ್ಲ ಮೈಲಿಗೆ ಮಾಡಿ ಕೊನೆಗೆ ತಿಪ್ಪೆಗೆ ಹಾಕಿದಳು ಎಂಬ ಮಾತು ಬರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಮತ್ತೆ ಫ್ರಿಡ್ಜಿನಲ್ಲಿಟ್ಟೆ.

ಮಂಗಳವಾರ ತೆಗೆದಾಗ ತುಂಡುಗಳು ಲೋಳೆಯಾಗಿ ಕೈಗೆ ಅಂಟಿದವು. ವಾಸನೆಯೂ ಇತ್ತು. ಉಪ್ಪು, ಅರಿಸಿನ ಹಾಕಿ ಮೂರು ಸಲ ತೊಳೆದೆ, ಮೆಣಸು ಬೆಳ್ಳುಳ್ಳಿ ಜಾಸ್ತಿ ಅರೆದು ಹಾಕಿದೆ, ಕುದಿಸಿದರೆ ಎಲ್ಲ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೆಟ್ಟದ್ದನ್ನು ಎಷ್ಟು ಕುದಿಸಿದರೂ ಕೆಟ್ಟದ್ದೇ ಎಂದು ತಿಳಿಯದ ಹೆಂಗಸಲ್ಲ ನಾನು. ಅಪ್ಪ ಮೊದಲ ಗುಟುಕಿಗೇ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಬಟ್ಟಲೆತ್ತಿ ಪೂರ್ತಿ ಕುಡಿದರು.

ಬುಧವಾರ ಬೆಳಗಾಗುವಷ್ಟರಲ್ಲಿ ವಾಂತಿ, ಭೇದಿ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಅವರು ಮುದುರಿಕೊಂಡದ್ದನ್ನು ನೋಡಲಾಗಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ, ಏನು ತಿಂದಿದ್ದಿರಿ ಎಂದು ಅಲ್ಲಿನ ಡಾಕ್ಟರು ಕೇಳಿದರು. ಮಂಚದ ಆಚೆ ಅತ್ತೆ, ನನ್ನ ಗಂಡ, ಈಚೆ ನಾನು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಹೇಳಿದರು.

"ವಾಕಿಂಗ್ ಹೋದಾಗ ಗಾಡೀಲಿ ಬೋಂಡ ತಿಂದ್ಬುಟ್ಟೆ ಸಾರ್. ಮಗಳು ಬ್ಯಾಡ ಅಂದಿದ್ಲು."

"ವಯಸ್ಸಾದ ಮೇಲೆ ನಾಲಿಗೆ ಹಿಡಿತದಲ್ಲಿರಬೇಕು," ಎಂದರು ಅತ್ತೆ. ನನ್ನ ಗಂಡ ಹೌದೆಂದು ತಲೆಯಾಡಿಸಿದರು. ಡಾಕ್ಟರು ಬೋಂಡ ಎಂದೇ ಬರೆದುಕೊಂಡರು. ಗೇಟಿನವರೆಗೂ ಒಬ್ಬರೇ ನಡೆಯಲಾರದ ಮನುಷ್ಯ ಬೋಂಡ ತಿನ್ನಲು ಎಲ್ಲಿಗೆ ಹೋಗಿದ್ದರು ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ನಾನು ಅಪ್ಪನ ಕಾಲಿನ ಮೇಲಿದ್ದ ಹೊದಿಕೆ ಸರಿಮಾಡಿದೆ.